ಕಾರಿನ ನೆತ್ತಿಯ ಮೇಲೆ ದೋಣಿ

ನೀರಿನಲ್ಲಿ ಮನುಷ್ಯನನ್ನು ಹೊರುವ ದೋಣಿಯನ್ನು ನೆಲದ ಮೇಲೆ ಮನುಷ್ಯನೇ ಹೊರಬೇಕು. ತುಂಗಭದ್ರೆಯ ತೀರದ ಅಂಬಿಗನು ಹರಿಗೋಲನ್ನು ಬೋರಲು ಮಾಡಿ ಬೆನ್ನಿಗೇರಿಸಿ ನಡೆದರೆ, ದೂರದಿಂದ ಆಮೆಯೊಂದು ಎದ್ದು ಹೊರಟಂತೆ ಕಾಣುತ್ತದೆ. ಅವನದು ಕಾಲ್ನಡಿಗೆಯ ವೇಗ. ಆದುದರಿಂದ ಯಾರಿಗೂ ಅಪಾಯವಿಲ್ಲ. ಆದರೆ ಈಚೆಗೆ ನಗರದ ಕೆಲವು ಕುಟುಂಬಗಳು ಮೆಚ್ಚಿಕೊಂಡಿರುವ ಕಯಾಕ್ ಎಂಬ ಕಿರುದೋಣಿಯು ಕಾರಿನ ನೆತ್ತಿಯನ್ನೇರಿ ಓಡುತ್ತದೆ.

ಬೆಂಗಳೂರಿನಿಂದ ಶರಾವತಿಯ ಕಡೆಗೆ ಹೊರಟವರು ತುಮಕೂರು, ತಿಪಟೂರುಗಳ ಮಾರ್ಗವಾಗಿ ಸಾಗಬಹುದು. ಎಡಕ್ಕೆ ಅಮ್ಮಸಂದ್ರ, ತುರುವೇಕೆರೆ, ಬಲಕ್ಕೆ ಚಿಕ್ಕನಾಯಕನಹಳ್ಳಿ, ಎತ್ತ ನೋಡಿದರೂ ತೆಂಗು. ಈ ಸೀಮೆಯಲ್ಲಿ ಹಗ್ಗಕ್ಕೆ ಬರವಿಲ್ಲ. ಕಟ್ಟು ಸಡಿಲವಾದರೆ ಇಲ್ಲಿಯೇ ಒಂದು ನಾರಿನ ಹಗ್ಗವನ್ನು ಕೊಂಡು ಬಿಗಿದರೆ ಸಾಲದೇ ಎಂದು ತೋರುವುದು ಸಹಜ. ಸಾಲದು. ತೆಂಗಿನ ನಾರು ಉಪ್ಪುನೀರಿಗೆ ಅಂಜದು, ನೀರಿನಲ್ಲಿ ತೇಲುವುದು. ಹಿಂದೆ ಹಡಗುಗಳನ್ನು ಕಟ್ಟಲು ಅದನ್ನು ಬಳಸುತ್ತಿದ್ದುದು ಈ ಗುಣಗಳಿಂದಲೇ. ಆದರೆ ಎಳೆದಂತೆಲ್ಲ ಹಿಗ್ಗುವುದೂ ಅದರ ಗುಣ. ಅಲೆಗೆ ತೂಗುವ ಹಡಗಿಗೆ ಆ ಹಿಗ್ಗು ಹಿತ. ಕಾರಿನ ಮೇಲಿನ ದೋಣಿಗೆ ಅದೇ ಕೇಡು. ನೈಲಾನ್ ಸಹ ನೆನೆದರೆ ಹಿಗ್ಗುತ್ತದೆ. ಹಿಗ್ಗದ ಪಾಲಿಯೆಸ್ಟರ್ ಪಟ್ಟಿಯೇ ಇದಕ್ಕೆ ತಕ್ಕದ್ದು.

ಗಾಳಿಯ ಬಲವನ್ನು ಲಘುವಾಗಿ ಎಣಿಸಬಾರದು. ವೇಗವು ಇಮ್ಮಡಿಯಾದರೆ ಅದರ ಒತ್ತಡ ನಾಲ್ಮಡಿಯಾಗುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಎದುರುಗಾಳಿಯು ಒಂದು ಚದರ ಮೀಟರಿನ ಮೇಲೆ ಸುಮಾರು 30 ಕಿಲೋಗ್ರಾಂ ತೂಕದಷ್ಟು ಒತ್ತಡವನ್ನು ಹೇರುತ್ತದೆ. ಹತ್ತು ಅಡಿಯ ಸಾಧಾರಣ ಕಯಾಕ್ ತೂಗುವುದೇ 20ರಿಂದ 25 ಕಿಲೋಗ್ರಾಂ. ಎದುರಿನಿಂದ ಬಸ್ಸೊಂದು ರಭಸವಾಗಿ ಹಾದುಹೋದರೆ ಆ ಗಾಳಿಯ ಹೊಡೆತ ಬೇರೆ.

ಹೊರಡುವ ಮುನ್ನ ಕಾರಿನ ಕೈಪಿಡಿಯಲ್ಲಿ ಚಾವಣಿಯು ಎಷ್ಟು ಭಾರವನ್ನು ತಾಳುವುದೆಂದು ನೋಡತಕ್ಕದ್ದು; ಅಡ್ಡಪಟ್ಟಿಗಳ ತೂಕವೂ ಆ ಲೆಕ್ಕದಲ್ಲಿ ಸೇರಬೇಕು. ಅಡ್ಡಪಟ್ಟಿಗಳೆರಡೂ ಆದಷ್ಟು ದೂರ ದೂರವಿರಲಿ. ಅವುಗಳಿಗೆ ಮೆತ್ತೆ ಸುತ್ತಲಿ. ದೋಣಿಯೊಳಗಿನ ನೀರನ್ನು ಬಸಿದು, ಅದನ್ನು ಬೋರಲಾಗಿ ನಡುಮಧ್ಯದಲ್ಲಿ ಇರಿಸಬೇಕು. ಅಂಗಾತವಾಗಿಟ್ಟರೆ ಮಳೆನೀರು ತುಂಬೀತು. ಲೀಟರಿಗೊಂದು ಕಿಲೋಗ್ರಾಂ ಭಾರ ಹೆಚ್ಚೀತು. ಪ್ರತಿಯೊಂದು ಅಡ್ಡಪಟ್ಟಿಯ ಬಳಿಯೂ ಒಂದೊಂದು ಪಟ್ಟಿಯನ್ನು ದೋಣಿಯ ಮೇಲೆ ಹಾಯಿಸಿ, ಆ ಅಡ್ಡಪಟ್ಟಿಗೇ ಬಿಗಿಯಬೇಕು. ಕೈಯಿಂದ ಎಳೆದಷ್ಟು ಬಿಗಿ ಸಾಕು. ಹಲ್ಲುಚಕ್ರದ ಸಾಧನದಿಂದ ಹಿಂಡಿದರೆ ಪ್ಲಾಸ್ಟಿಕ್ ಮೈ ತಗ್ಗುಬಿದ್ದು ಹಾಳಾಗುತ್ತದೆ, ಬಿಸಿಲಿನಲ್ಲಂತೂ ಬೇಗನೆ.

ಇಷ್ಟಕ್ಕೇ ಕೆಲಸ ಮುಗಿಯಿತೆಂದು ಭಾವಿಸುವವರು ಹುಲ್ಲಿನ ಗಾಡಿಯನ್ನೊಮ್ಮೆ ನೋಡಬೇಕು. ಅಡ್ಡಲಾಗಿ ಮಾತ್ರ ಹಗ್ಗ ಹಾಯಿಸಿ ಹೊರಡುವ ರೈತನಿಲ್ಲ. ಮುಂದಕ್ಕೂ ಹಿಂದಕ್ಕೂ ಎಳೆದು ಕಟ್ಟಿದ ಮೇಲೆಯೇ ಎತ್ತುಗಳಿಗೆ ಅಪ್ಪಣೆ. ಅಂತೆಯೇ ದೋಣಿಯ ಮೂತಿಯಿಂದ ಕಾರಿನ ಮುಂಭಾಗದ ಕೊಂಡಿಗೂ, ಬಾಲದಿಂದ ಹಿಂಭಾಗದ ಕೊಂಡಿಗೂ ಹಗ್ಗವಿರಬೇಕು. ಒಂದು ಅಡ್ಡಪಟ್ಟಿಯೇ ಕಳಚಿದರೂ ದೋಣಿ ಹಾರಿಹೋಗದಂತೆ ತಡೆಯುವುದು ಈ ಹಗ್ಗಗಳೇ. ಹಗ್ಗದ ತುದಿ ಚಕ್ರಕ್ಕೆ ಸಿಲುಕದಂತೆ ಗಂಟುಹಾಕುವುದನ್ನು ಮರೆಯಬಾರದು.

ಹತ್ತಿಪ್ಪತ್ತು ಕಿಲೋಮೀಟರ್ ಸಾಗಿದ ಬಳಿಕ ಇಳಿದು ಕಟ್ಟುಗಳನ್ನು ಪರೀಕ್ಷಿಸುವುದು ಅಗತ್ಯ; ಪಟ್ಟಿಗಳು ಸಡಿಲವಾಗುವುದು ಮೊದಲ ಹಂತದಲ್ಲಿಯೇ ಹೆಚ್ಚು. ಹದಿನೇಳು ಅಡಿಯ ಕಡಲ ಕಯಾಕನ್ನು ಹದಿಮೂರು ಅಡಿಯ ಕಾರಿನ ಮೇಲೇರಿಸುವವರು ಕಾನೂನನ್ನೂ ನೆನೆಯಬೇಕು. ಮಿತಿಮೀರಿ ಹೊರಚಾಚುವ ಹೊರೆಗೆ ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿಯು 20,000 ರೂಪಾಯಿ ದಂಡವನ್ನು ಗೊತ್ತುಪಡಿಸಿತು.

ದಂಡಕ್ಕಿಂತ ದೊಡ್ಡ ಮಾತೊಂದಿದೆ. 80ರ ವೇಗದಲ್ಲಿ ವಾಹನವು ಸೆಕೆಂಡಿಗೆ 22 ಮೀಟರ್ ಕ್ರಮಿಸುತ್ತದೆ. ಹಿಂದೆ ಸ್ಕೂಟರಿನಲ್ಲಿ ಬರುತ್ತಿರುವ ಗೃಹಸ್ಥನಿಗೆ, ಅವನ ಬೆನ್ನಿಗೆ ಕುಳಿತ ಹೆಂಡತಿಗೆ, ಮುಂದೆ ನಿಂತ ಮಗುವಿಗೆ, ದೋಣಿ ಕಳಚಿದುದನ್ನು ಕಂಡು ಪಕ್ಕಕ್ಕೆ ಸರಿಯಲು ಇರುವ ಕಾಲ ಅಷ್ಟೇ. ನೀರಿನಲ್ಲಿ ದೋಣಿ ಮಗುಚಿದರೆ ಈಜಬಲ್ಲವನು ದಡ ಸೇರಿಯಾನು. ಹೆದ್ದಾರಿಯಲ್ಲಿ ಹಾರಿಬಂದ ದೋಣಿಗೆ ಎದುರಾದವನಿಗೆ ಯಾವ ಈಜೂ ನೆರವಾಗದು.