ತುಳು ಬಾರದವನು ತುಳು ಸಂಘದಲ್ಲಿ

ನಾನು ಹಾವೇರಿ ಕಡೆಯವ. ಪುತ್ತೂರಿಗೆ ಬಂದ ಮೊದಲ ವಾರ, ಬಸ್ಸಲ್ಲಿ ಪಕ್ಕ ಕೂತಿದ್ದ ಅಜ್ಜ "ಇಲ್ಲ್ ಓಲು?" ಅಂತ ಕೇಳಿದ್ರು. ನನಗೆ ಕೇಳಿಸಿದ್ದು 'ಇಲ್ಲ' ಅಷ್ಟೇ. ಏನೋ ಇಲ್ಲ ಅಂತಿದ್ದಾರೆ ಅಂದ್ಕೊಂಡು ತಲೆ ಆಡಿಸಿದೆ. ತುಳುವಿನಲ್ಲಿ ಇಲ್ಲ್ ಅಂದ್ರೆ ಮನೆ ಅನ್ನೋದು ಗೊತ್ತಾಗಿದ್ದು ರೂಮ್‌ಮೇಟ್ ನಕ್ಕು ಮುಗಿಸಿದ ಮೇಲೆ.

ಎರಡನೇ ವರ್ಷ ತುಳು ಸಂಘಕ್ಕೆ ಹೆಸರು ಕೊಟ್ಟೆ. "ನಿಂಗೆ ತುಳುನೇ ಬರಲ್ಲ, ಅಲ್ಲೇನು ಕೆಲಸ? ಸರ್ಟಿಫಿಕೇಟಿಗಾ?" ಅಂತ ಕೇಳಿದವರು ನಮ್ಮ ಊರ ಕಡೆಯ ಹುಡುಗರೇ. ಸಂಘದ ಒಳಗೂ ಒಬ್ಬಿಬ್ಬರಿಗೆ ಅದೇ ಅನುಮಾನ ಇತ್ತು. ನನ್ನ ಅಭಿಪ್ರಾಯ ಉಲ್ಟಾ: ಬಾರದವರೇ ಸೇರಬೇಕು. ರೋಬೋಟ್ ಮಾಡಿ ಮುಗಿಸಿದವರಿಗೆ ಮಾತ್ರ ರೋಬೋಟಿಕ್ಸ್ ಕ್ಲಬ್ ಅಂತ ಯಾರೂ ಹೇಳಲ್ಲವಲ್ಲ.

ಆದರೆ ಒಂದು ತೊಂದರೆ ನನ್ನಿಂದಲೇ ಆಯ್ತು. ನಾನು ಒಳಗೆ ಕಾಲಿಟ್ಟ ಕೂಡಲೇ ಇಪ್ಪತ್ತು ಜನ ಒಟ್ಟಿಗೆ ಕನ್ನಡಕ್ಕೆ ತಿರುಗ್ತಿದ್ರು. ಮರ್ಯಾದೆಗೆ, ಪಾಪ. ಮೂರು ಮೀಟಿಂಗ್ ಹಾಗೇ ಹೋಯ್ತು. ತುಳು ಸಂಘದಲ್ಲಿ ತುಳುವೇ ಇಲ್ಲ, ಕಾರಣ ನಾನೊಬ್ಬ! ಕೊನೆಗೆ ಕೈಮುಗಿದು ಕೇಳಿಕೊಂಡೆ: ನೀವು ತುಳುವಲ್ಲೇ ಮಾತಾಡಿ, ಅರ್ಥ ಆಗದಿದ್ರೆ ನಾನೇ ಕೇಳ್ತೇನೆ. ಹೊರಗಿನವರನ್ನು ಸೇರಿಸಿಕೊಳ್ಳೋದು ಅಂದ್ರೆ ಅವರಿಗೋಸ್ಕರ ಭಾಷೆ ಬಿಡೋದಲ್ಲ. ಈ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ.

ಕೇಳ್ತಾ ಕೇಳ್ತಾ ನನ್ನ ಕನ್ನಡವೇ ಬೇರೆ ಥರ ಕಾಣಿಸಿತು. ಅವರ ಪಿಲಿ ನಮ್ಮ ಹುಲಿ, ಅವರ ಪೂ ನಮ್ಮ ಹೂ. ಹಳಗನ್ನಡದಲ್ಲಿ ನಾವೂ 'ಪ' ಅಂತಿದ್ವಿ, ಆಮೇಲೆ 'ಹ' ಮಾಡ್ಕೊಂಡ್ವಿ, ತುಳುವರು ಬಿಟ್ಟುಕೊಡಲಿಲ್ಲ. ಆಟಿ ಅಮಾವಾಸ್ಯೆಗೆ ಕುಡಿಸಿದ ಕಷಾಯದ ಪಾಲೆ ಮರವೂ ಹೀಗೇ ನಮ್ಮ ಹಾಲೆ ಮರ. ತೊಗಟೆಯನ್ನು ಕತ್ತಿ ಮುಟ್ಟಿಸದೆ, ಕಲ್ಲಿಂದ ಜಜ್ಜಿ ತೆಗೀತಾರೆ. ಕಹಿ ಮಾತ್ರ ಸಂಜೆವರೆಗೂ ಬಿಡಲಿಲ್ಲ.

ನಮ್ಮಂಥವರಿಗೆ ಅಲ್ಲಿ ಕೆಲಸವೂ ಇದೆ. ತುಳು-ತಿಗಳಾರಿ ಲಿಪಿ 2024ರ ಸೆಪ್ಟೆಂಬರಲ್ಲಿ ಯೂನಿಕೋಡ್ 16ಕ್ಕೆ ಸೇರಿದೆ. ಕೋಡ್ ಸಿಕ್ಕಿದ ಮಾತ್ರಕ್ಕೆ ಅಕ್ಷರ ಫೋನಲ್ಲಿ ಮೂಡಲ್ಲ. ಫಾಂಟ್ ಬೇಕು, ಕೀಬೋರ್ಡ್ ಬೇಕು. ಕಂಪ್ಯೂಟರ್ ಸೈನ್ಸಿನವರು ಅಟೆಂಡೆನ್ಸ್ ಆ್ಯಪನ್ನೇ ಮತ್ತೆ ಮತ್ತೆ ಮಾಡುವ ಬದಲು ಇದನ್ನು ಪ್ರಾಜೆಕ್ಟ್ ಮಾಡಬಹುದು.

ಇನ್ನು ನಮ್ಮ ಕನ್ನಡ ಸಂಘದ ಬಗ್ಗೆ ಒಂದು ತಕರಾರು. ನನ್ನ ಬೆಂಚಿನವನು ಸುಳ್ಯದವ. ಕ್ಲಾಸಲ್ಲಿ ಕನ್ನಡ, ಕಡಬ-ಪುತ್ತೂರಿನ ಗೆಳೆಯರ ಜೊತೆ ತುಳು. ಮನೆಯಲ್ಲಿ ಅರೆಭಾಷೆ ಅನ್ನೋದು ನನಗೆ ಗೊತ್ತಾಗಿದ್ದು ಎರಡು ವರ್ಷ ಆದಮೇಲೆ, ಅವನು ಅಮ್ಮನ ಫೋನ್ ತೆಗೆದಾಗ. ನಮ್ಮ 'ಇದೆ' ಅವರಿಗೆ 'ಉಟ್ಟು'. "ಇಷ್ಟು ದಿನ ಯಾಕೋ ಹೇಳಲಿಲ್ಲ?" ಅಂದ್ರೆ, "ಅದು ಮನೆ ಭಾಷೆ ಮಾರಾಯ, ಇಲ್ಲಿ ಯಾರಿಗೆ ಬೇಕು" ಅಂದ. 1837ರಲ್ಲಿ ಸುಳ್ಯದಿಂದ ಹೊರಟು ಬ್ರಿಟಿಷರಿಂದ ಮಂಗಳೂರನ್ನೇ ಕಸಿದುಕೊಂಡ ದಂಡಿನಲ್ಲಿ ಈ ಭಾಷೆಯ ಜನ ಬೇಕಾದಷ್ಟು ಇದ್ದರು. 2011ರಿಂದ ಅರೆಭಾಷೆಗೆ ಸರ್ಕಾರದ ಅಕಾಡೆಮಿಯೇ ಇದೆ. ನಮ್ಮ ಪತ್ರಿಕೆಯಲ್ಲಿ ಮಾತ್ರ ಒಂದು ಪುಟ ಇಲ್ಲ. ನವೆಂಬರ್ ಬಂದ್ರೆ ಬ್ಯಾನರ್ ಕಟ್ಟೋಕೆ ಅವನನ್ನೇ ಕರೀತೇವೆ, ಅವನ ಮಾತು ಬೇಡ.

ಸಂಪಾದಕರೇ, ಮುಂದಿನ ಸಂಚಿಕೆಗೆ ಅವನ ಕೈಯಲ್ಲಿ ಅರೆಭಾಷೆಯಲ್ಲೇ ಏನಾದ್ರೂ ಬರೆಸಿ. ನಾನು ಕೇಳಿದೆ, "ಯಾರು ಓದ್ತಾರೆ?" ಅಂದ. ನಾನು ಓದ್ತೇನೆ ಅಂದೆ. ನೀವೂ ಒಂದು ಮಾತು ಹೇಳಿದ್ರೆ ಬರೆದಾನು.