ಏರ್ ಫ್ರೈಯರ್ ಮತ್ತು ನಂಜಿಕೊಳ್ಳುವ ಬಟ್ಟಲು

ಏರ್ ಫ್ರೈಯರ್ ಇಂದು ಅನೇಕ ಮನೆಗಳನ್ನು ಸೇರಿದೆ. ಹೆಸರು ಏನೇ ಇರಲಿ, ಅದು ಕರಿಯುವುದಿಲ್ಲ. ಬಿಸಿಗಾಳಿಯನ್ನು ವೇಗವಾಗಿ ಸುತ್ತಿಸಿ ಬೇಯಿಸುತ್ತದೆ. ಬಾಣಲೆ ತುಂಬ ಎಣ್ಣೆ ಬೇಡುವ ತಿನಿಸಿಗೆ ಇಲ್ಲಿ ಒಂದು ಚಮಚ ಸಾಕು. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸುವ ಕೆಡುಕೂ ತಪ್ಪುತ್ತದೆ. ಇದು ಸ್ವಾಗತಾರ್ಹವೇ.

ಆದರೆ ಹೀಗೆ ಉಳಿಸಿದ ಎಣ್ಣೆ ನಂಜಿಕೊಳ್ಳುವ ಬಟ್ಟಲಿನ ಮೂಲಕ ಮರಳಿ ಬರುವುದನ್ನು ನಾವು ಗಮನಿಸುತ್ತಿಲ್ಲ. ಮೇಯೊನೀಸ್‌ನ ಬಹುಪಾಲು ಎಣ್ಣೆಯೇ. ಅಂಗಡಿಯ ಟೊಮೆಟೊ ಸಾಸ್‌ನಲ್ಲಿ ಸಕ್ಕರೆ, ಉಪ್ಪುಗಳಿವೆ. ವಯಸ್ಕರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸೇವಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆದ್ದರಿಂದ ಗಟ್ಟಿ ಮೊಸರಿಗೆ ಪುದೀನ, ಹಸಿಶುಂಠಿ, ಹುರಿದ ಜೀರಿಗೆಯ ಪುಡಿ ಬೆರೆಸಿದ ಚಟ್ನಿಯೇ ಲೇಸು.

ಗೆಣಸು, ಗಜ್ಜರಿ, ಬೀಟ್‌ರೂಟ್‌ಗಳನ್ನು ಕಿರುಬೆರಳ ಗಾತ್ರಕ್ಕೆ ಹೆಚ್ಚಿ, ತೇವ ಒರೆಸಿ, ಎಣ್ಣೆ ಸವರಿ, ಒಂದರ ಮೇಲೊಂದು ಬೀಳದಂತೆ ಹರಡಿರಿ. 180 ಡಿಗ್ರಿ ಸೆಲ್ಸಿಯಸ್‌ನಲ್ಲಿ 15ರಿಂದ 20 ನಿಮಿಷ ಬೇಯಿಸಿ, ನಡುವೆ ಒಮ್ಮೆ ಕುಲುಕಿರಿ. ಆಲೂಗಡ್ಡೆಯಾದರೆ ಹೆಚ್ಚಿದ ಮೇಲೆ ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಬೇಯಿಸುವಾಗ ಹೊಂಬಣ್ಣ ಬಂದೊಡನೆ ತೆಗೆಯಿರಿ. ಹೆಚ್ಚು ಕಂದಿದಷ್ಟೂ ಅದರಲ್ಲಿ ಅಕ್ರಿಲಮೈಡ್ ಎಂಬ ಹಾನಿಕರ ರಾಸಾಯನಿಕ ಹೆಚ್ಚುತ್ತದೆ.

ಎಣ್ಣೆ ಕಡಿಮೆಯೆಂದು ದಿನವೂ ತಿನ್ನುವ ತಿನಿಸು ಇದಲ್ಲ. ಅಪರೂಪಕ್ಕೆ, ಮಿತವಾಗಿ ಸೇವಿಸಿದರೆ ಹಿತ.