ಕೌದಿ ಗೋಡೆ ಹತ್ತಿತು, ಹೊಲಿದವಳೆಲ್ಲಿ?

ಉಟ್ಟು ಸವೆದ ಸೀರೆ, ಹರಿದ ಲುಂಗಿ, ಮಕ್ಕಳ ಅಂಗಿಯ ತುಂಡು ಕೂಡಿಸಿ ನಮ್ಮ ಅವ್ವಂದಿರು ಹೊಲಿದದ್ದಕ್ಕೆ ಕೌದಿ ಅಂತ ಹೆಸರು. ಅದು ನೆಲದ ಮೇಲೆ ಇರೋತನಕ ಯಾರೂ ತಿರುಗಿ ನೋಡಲಿಲ್ಲ. ಈಗ ಅದನ್ನೇ ಬಿಳಿ ಗೋಡೆಗೆ ನೇತುಹಾಕಿ, ಮೇಲಿಂದ ಒಂದು ದೀಪ ಬಿಟ್ಟು 'ಫೈಬರ್ ಆರ್ಟ್' ಅಂತಾರೆ. ಕುರುಬರ ಕಂಬಳಿ, ಲಂಬಾಣಿಯರ ಕಸೂತಿ, ಸಿದ್ದಿಯರ ಕೌದಿ ಎಲ್ಲವೂ ಗ್ಯಾಲರಿ ಸೇರುತ್ತಿವೆ. ಸೇರಲಿ. ಗೋಡೆ ಯಾರಪ್ಪನ ಮನೆಯದೂ ಅಲ್ಲ. ಆದರೆ ಕೌದಿ ಒಳಗೆ ಹೋದಷ್ಟು ಸಲೀಸಾಗಿ ಹೊಲಿದವಳು ಒಳಗೆ ಹೋಗ್ತಾಳಾ ಅನ್ನೋದು ನಮ್ಮ ಪ್ರಶ್ನೆ.

ಅಮೆರಿಕದ ಅಲಬಾಮಾದಲ್ಲಿ ಗೀಸ್ ಬೆಂಡ್ ಅಂತ ಒಂದು ಊರಿದೆ. ಮೂರು ಕಡೆ ಹೊಳೆ. ಹತ್ತಿ ಹೊಲದಲ್ಲಿ ಗುಲಾಮರಾಗಿ ದುಡಿದ ಕರಿಯರ ಮಕ್ಕಳು ಮೊಮ್ಮಕ್ಕಳು ಅಲ್ಲಿಯ ಜನ. ಅವರಲ್ಲಿ ಎಷ್ಟೋ ಮಂದಿಯ ಅಡ್ಡಹೆಸರು ಇವತ್ತಿಗೂ ಪೆಟ್‌ವೇ. ಅದು ಅವರ ಹಿರಿಯರನ್ನು ದನದ ಹಾಗೆ ಇಟ್ಟುಕೊಂಡಿದ್ದ ಧಣಿಯ ಹೆಸರು! 1932ರಲ್ಲಿ, ಸಾಲ ಕೊಟ್ಟಿದ್ದ ವ್ಯಾಪಾರಿ ಸತ್ತ ಮೇಲೆ, ಅವನ ಮನೆಯವರ ಕಡೆಯವರು ಬಂದು ಕಾಳುಕಡಿ, ದನ, ಕೋಳಿ, ನೇಗಿಲು ಎಲ್ಲ ಹೊತ್ತೊಯ್ದರು. ಗುಡಿಸಲಿನ ಸಂದಿಯಿಂದ ನುಗ್ಗುವ ಚಳಿಗೆ ಅಲ್ಲಿನ ಹೆಂಗಸರು ದುಡಿಮೆಯ ಹಳೇ ಬಟ್ಟೆ ಹರಿದು ಕೌದಿ ಹೊಲಿಯುತ್ತಿದ್ದರು. ಮೊಣಕಾಲ ಹತ್ತಿರ ಸವೆದ ಪ್ಯಾಂಟಿನ ತೇಪೆ ಕೂಡ ಆ ಕೌದಿಯಲ್ಲಿ ಕಾಣುತ್ತೆ.

1960ರ ದಶಕದಲ್ಲಿ ಇದೇ ಜನ ಮತಪಟ್ಟಿಗೆ ಹೆಸರು ಬರೆಸೋಕೆ ಹೊರಟರು. ತಾಲ್ಲೂಕು ಕಚೇರಿಯಂಥದು ಇದ್ದದ್ದು ಹೊಳೆಯಾಚೆ ಕ್ಯಾಮ್ಡನ್ ಪಟ್ಟಣದಲ್ಲಿ. ಬಿಳಿಯರು ಏನು ಮಾಡಿದರು? 1962ರಲ್ಲಿ ಹೊಳೆ ದಾಟಿಸುವ ದೋಣಿಯನ್ನೇ ನಿಲ್ಲಿಸಿದರು. ಬಾವಿಗೆ ಬರಬೇಡಿ ಅಂತ ಹಗ್ಗ ಕಿತ್ತುಕೊಂಡವರನ್ನು ಕಂಡ ನಮಗೆ ಈ ಜಾಣತನ ಬೇಗ ತಿಳಿಯುತ್ತೆ. 1965ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಆ ಊರಿಗೆ ಬಂದರು. 1966ರಲ್ಲಿ ಗೀಸ್ ಬೆಂಡ್ ಮತ್ತು ಸುತ್ತಲ ಹಳ್ಳಿಗಳ ಹೆಂಗಸರು 'ಫ್ರೀಡಂ ಕ್ವಿಲ್ಟಿಂಗ್ ಬೀ' ಎಂಬ ಸಹಕಾರ ಸಂಘ ಕಟ್ಟಿದರು. ಕೌದಿ ಮಾರಿದರು. ಬಂದ ದುಡ್ಡಲ್ಲಿ ಸಂಘ ಜಮೀನು ಕೊಂಡಿತು. ಮತಪಟ್ಟಿಗೆ ಹೆಸರು ಬರೆಸಿದ ತಪ್ಪಿಗೆ ಧಣಿಗಳು ಮನೆ ಬಿಡಿಸಿದ್ದ ಕುಟುಂಬಗಳಿಗೆ ಅಲ್ಲೇ ನಿವೇಶನ ಕೊಟ್ಟಿತು. ಗೆಳೆಯರೇ, ಇದನ್ನು ಇನ್ನೊಂದು ಸಲ ಓದಿ. ಸೂಜಿ ದಾರದಿಂದ ನೆಲ ಸಂಪಾದಿಸಿದ ಹೆಂಗಸರು ಇವರು. ಇದನ್ನು ಯಾವ ಗ್ಯಾಲರಿಯ ಗೋಡೆಗೆ ತೂಗುಹಾಕ್ತೀರಿ?

2002ರಲ್ಲಿ ಆ ಕೌದಿಗಳು ಹ್ಯೂಸ್ಟನ್ನಿನ ಮ್ಯೂಸಿಯಂಗೆ, ಅಲ್ಲಿಂದ ನ್ಯೂಯಾರ್ಕಿನ ವಿಟ್ನಿಗೆ ಹೋದವು. ಹೊಗಳಿಕೆಯ ಮಳೆ ಸುರಿಯಿತು. ಹೊಗಳೋರು ಮಾತ್ರ ಮತೀಸ್, ಪಾಲ್ ಕ್ಲೀ ಅಂತ ಯುರೋಪಿನ ಗಂಡಸರ ಹೆಸರು ಹಿಡಿದುಕೊಂಡೇ ಬಂದರು. ನಮ್ಮವರು ಚಂದ ಬರೆದರೆ 'ಥೇಟ್ ಪಂಪನ ಹಾಗೆ' ಅನ್ನೋ ಮೇಷ್ಟ್ರುಗಳ ಜಾತಿ ಇದು. ಒಂದು ಮಾತು ಹೇಳಿಬಿಡ್ತೀವಿ. ಈ ಕ್ಲೀ ಜರ್ಮನಿಯ ಬೌಹೌಸ್ ಶಾಲೆಯಲ್ಲಿ ನೇಯ್ಗೆ ಕಲಿಯುವ ಹೆಣ್ಣುಮಕ್ಕಳಿಗೆ ಪಾಠ ಹೇಳಿದವನು. 1919ರಲ್ಲಿ ಗಂಡು ಹೆಣ್ಣು ಸಮಾನ ಅಂತ ಸಾರಿ ಶುರುವಾದ ಆ ಶಾಲೆ ಹೆಣ್ಣುಮಕ್ಕಳನ್ನು ಮಗ್ಗದ ಕೋಣೆಗೇ ದಬ್ಬಿತು. ಆನಿ ಆಲ್ಬರ್ಸ್ ಕಲಿಯಬೇಕೆಂದಿದ್ದು ಗಾಜಿನ ಕೆಲಸ, ಸಿಕ್ಕಿದ್ದು ಮಗ್ಗ. ಬಿಳಿಯರ ಮನೆಯ ಹೆಣ್ಣಿಗೇ ಈ ಗತಿ.

ನಿಲ್ಲಿಸಿದ ದೋಣಿ ಮತ್ತೆ ಹೊರಟದ್ದು 2006ರಲ್ಲಿ. ಲೆಕ್ಕ ಹಾಕಿ. ಕೌದಿ ನ್ಯೂಯಾರ್ಕ್ ಮುಟ್ಟಿ ನಾಲ್ಕು ವರ್ಷ ಆದಮೇಲೆ ಅದನ್ನು ಹೊಲಿದವಳಿಗೆ ಎದುರು ದಡ ಸಿಕ್ಕಿತು. ಅದೇ ವರ್ಷ ಸರ್ಕಾರ ಅವರ ಕೌದಿಗಳ ಅಂಚೆಚೀಟಿ ಅಚ್ಚುಹಾಕಿತು. ಮರುವರ್ಷ ಕೆಲವು ಹೆಂಗಸರು ಕೋರ್ಟಿಗೆ ಹೋದರು: ನಮ್ಮ ಕೌದಿಯ ವಿನ್ಯಾಸ ಕಂಡವರ ಮನೆಯ ಸಾಮಾನಿನ ಮೇಲೆಲ್ಲ ಬಂತು, ನಮಗೆ ನ್ಯಾಯದ ಪಾಲು ಬರಲಿಲ್ಲ ಅಂತ. 2008ರಲ್ಲಿ ರಾಜಿಯಾಯಿತು.

ಇನ್ನು ನಮ್ಮ ಮನೆಗೆ ಬರೋಣ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಸಿದ್ದಿಯರಿದ್ದಾರೆ. ಪೋರ್ಚುಗೀಸರು ಆಫ್ರಿಕದಿಂದ ಗೋವೆಗೆ ಗುಲಾಮರನ್ನಾಗಿ ತಂದವರಲ್ಲಿ ಎಷ್ಟೋ ಜನ ತಪ್ಪಿಸಿಕೊಂಡು ಈ ಕಾಡು ಸೇರಿದರು. ಅವರ ಹೆಂಗಸರು ಹೊಲಿಯುವ ಕೌದಿಗೆ ಕವಂದಿ ಅಂತಾರೆ. ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರ್ತಾರೆ. ನಾಲ್ಕು ಮೂಲೆಗೂ ಬಟ್ಟೆಯ ಹೂವು ಇಡಲೇಬೇಕು. ಇಡದಿದ್ದರೆ ಕವಂದಿ ಬೆತ್ತಲೆ ಅನ್ನೋದು ಅವರ ನಂಬಿಕೆ. ಇದಕ್ಕಿಂತ ದೊಡ್ಡ ಸೌಂದರ್ಯಮೀಮಾಂಸೆ ಯಾವ ಶಾಸ್ತ್ರದಲ್ಲಿದೆ ನಮಗೆ ಗೊತ್ತಿಲ್ಲ. 2011ರಲ್ಲಿ ಈ ಕವಂದಿಗಳು ನ್ಯೂಯಾರ್ಕಿನ ಹಾರ್ಲೆಮಿನಲ್ಲಿ, ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಆದರೆ ಇದೇ ಸಿದ್ದಿಯರನ್ನು ಪರಿಶಿಷ್ಟ ಪಂಗಡ ಅಂತ ಒಪ್ಪಿಕೊಳ್ಳೋಕೆ ಸ್ವತಂತ್ರ ಭಾರತ 2003ರವರೆಗೆ ತಗೊಂಡಿತು.

2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ಸೇರಿತಲ್ಲ, ಆಗ ಸಂಡೂರಿನ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಮಾಡಿದ 1,755 ವಸ್ತು ಜೋಡಿಸಿ ಗಿನ್ನೆಸ್ ದಾಖಲೆ ಮಾಡಿದರು. ದಾಖಲೆ ಯಾರ ಖಾತೆಗೆ ಹೋಯಿತು? ತಾಂಡಾಗಳಿಂದ ಗುಳೆ ಹೋಗುವ ಲಾರಿ ಅದರಿಂದ ಒಂದಾದರೂ ಕಡಿಮೆಯಾಯಿತೇ? ಮಗ್ಗದವರ ಕತೆ ಕೇಳಿ. 2019-20ರ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ ಈ ಕೆಲಸ ಮಾಡೋರು 35 ಲಕ್ಷ. ಮೂರರಲ್ಲಿ ಎರಡು ಪಾಲು ನೇಕಾರ ಮನೆಗಳ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆ. 2020ರ ಜುಲೈ ಕೊನೆಗೆ ಅಖಿಲ ಭಾರತ ಕೈಮಗ್ಗ ಮಂಡಳಿಯನ್ನೇ ರದ್ದು ಮಾಡಿದರು. ಹತ್ತು ದಿನ ಕಳೆದು ಆಗಸ್ಟ್ 7ಕ್ಕೆ ಕೈಮಗ್ಗ ದಿನ ಆಚರಿಸಿದರು. ನಾಚಿಕೆ ಅನ್ನೋದು ಇವರ ಮಗ್ಗದಲ್ಲಿ ನೇಯೋದಿಲ್ಲ.

ಗ್ಯಾಲರಿಯಲ್ಲಿ ಚಿತ್ರದ ಕೆಳಗೆ ಕಲಾವಿದನ ಹೆಸರು, ಇಸವಿ ಇರುತ್ತೆ. ಕೌದಿಯ ಕೆಳಗೆ ಹೆಚ್ಚಿನ ಕಡೆ ಇರೋದು ಇಂಥ 'ಸಮುದಾಯದ ಕರಕುಶಲ' ಅಂತ. ಕಲೆಗಾದರೆ ಹೆಸರು, ಕರಕುಶಲಕ್ಕಾದರೆ ಜಾತಿ. ಜೋಡಿಸಿಟ್ಟ ಕ್ಯುರೇಟರಿಗೆ ಹೆಸರಿದೆ, ದಾನಿಗಳಿಗೆ ಹೆಸರಿದೆ. ಹೊಲಿದು ಕಣ್ಣು ಮಂಜಾದವಳು ಮಾತ್ರ 'ಸಮುದಾಯ'. ಕೇಳಿದರೆ ಕಲೆಗೆ ಜಾತಿ ಇಲ್ಲ ಅಂತಾರೆ. ಈ ರಾಗ ನಮಗೆ ಹಳೇದು. ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಗೋಷ್ಠಿ ಕೇಳಿದಾಗಲೂ ಸಿಕ್ಕಿದ್ದು ಇಂಥದೇ ಉತ್ತರ. 1979ರಲ್ಲಿ ಬಂಡಾಯ ಸಂಘಟನೆ ಹುಟ್ಟಿದ್ದು ಅದಕ್ಕೇ.

ಹಾಗಾದರೆ ಗ್ಯಾಲರಿಗೆ ಬಹಿಷ್ಕಾರವೇ ಅಂತ ಕೆಲವು ಗೆಳೆಯರು ಕೇಳ್ತಾರೆ. ಇಲ್ಲ. ಕೌದಿ ಮಾರಾಟವಾಗಬೇಕು, ಹೆಚ್ಚು ಬೆಲೆಗೇ ಆಗಬೇಕು. ಆದರೆ ಚೀಟಿಯ ಮೇಲೆ ಮೂರು ವಿಷಯ ಬರೆಯಲಿ: ಹೊಲಿದವಳ ಹೆಸರು, ಹಿಡಿದ ದಿನ, ಅವಳ ಕೈಗೆ ಸಿಕ್ಕ ಹಣ. ಉದ್ಘಾಟನೆಗೆ ಮಂತ್ರಿ ಬೇಡ, ಅವಳೇ ಬರಲಿ, ಬಸ್ ಚಾರ್ಜು ಗ್ಯಾಲರಿ ಕೊಡಲಿ. ವಿನ್ಯಾಸವನ್ನು ಬೇರೆಯವರು ಬಳಸಿದರೆ ಹಣ ಅವಳ ಸಂಘಕ್ಕೆ ಹೋಗಲಿ.

ಹಳ್ಳಿಯ ಮೇಷ್ಟ್ರುಗಳಿಗೆ, ವಿದ್ಯಾರ್ಥಿಗಳಿಗೆ ನಮ್ಮದೊಂದು ಕೆಲಸ. ನಿಮ್ಮ ಊರಲ್ಲಿ ಕೌದಿ ಹೊಲಿಯುವ, ಕಂಬಳಿ ನೇಯುವ, ಮಗ್ಗ ನಡೆಸುವ ಮನೆಗಳಿಗೆ ಹೋಗಿ ಕೂತು ಕೇಳಿ. ಒಂದಕ್ಕೆ ಎಷ್ಟು ದಿನ, ನೂಲಿಗೆ ಎಷ್ಟು, ಕೂಲಿ ಎಷ್ಟು, ಕೊಂಡವನು ಯಾರು, ಅವನು ಎಷ್ಟಕ್ಕೆ ಮಾರಿದ. ಅವರು ಒಪ್ಪಿದರೆ ಹೆಸರೂ ಬರೆದುಕೊಳ್ಳಿ. ಪೋಸ್ಟ್ ಕಾರ್ಡಿನಲ್ಲಿ ಬರೆದು ಕಳಿಸಿದರೂ ಸಾಕು, ಮುಂದಿನ ಸಂಚಿಕೆಯಲ್ಲಿ ಎಲ್ಲವನ್ನೂ ಅಚ್ಚುಹಾಕುತ್ತೇವೆ.